ಹಸುವನ್ನು ಕಳಕೊಂಡವನ ಕೋಪ



2025ನೆಯ ಇಸವಿ ಜೂನ್ 26ನೆಯ ತಾರೀಖಿನಲ್ಲಿ ಹನೂರು ತಾಲ್ಲೂಕಿನ ಹೂಗ್ಯಂ ಅರಣ್ಯ ವಲಯದೊಳಗೆ ಒಂದು ತಾಯಿಹುಲಿಯೂ ಅದರ ನಾಲ್ಕು ಮರಿಗಳೂ ಸತ್ತು ಬಿದ್ದಿರುವದನ್ನು ಕಂಡರು. ಆ ಕಾಡು 2013ರಲ್ಲಿ ಮಲೆಮಹದೇಶ್ವರ ವನ್ಯಧಾಮವೆಂದು ಗೊತ್ತುಮಾಡಿದ ಸೀಮೆಗೆ ಸೇರಿದ್ದು. ಹುಲಿಯು ಒಂದು ಹಸುವನ್ನು ಕೊಂದಿತ್ತು. ಅದರ ಕಳೇಬರಕ್ಕೆ ವಿಷವನ್ನು ಹಾಕಿದ್ದರು. ಅದನ್ನು ತಿಂದು ತಾಯಿಯೂ ಮರಿಗಳೂ ಸತ್ತವು. ಈ ಸಂಬಂಧದಲ್ಲಿ ಮೂವರು ಬಂಧಿಸಲ್ಪಟ್ಟರು. ಅವರ ತಪ್ಪನ್ನು ವಿಚಾರಿಸುವದು ನ್ಯಾಯಾಲಯದ ಕೆಲಸ. ನಮ್ಮ ಮನಸ್ಸಾಕ್ಷಿಯನ್ನು ವಿಚಾರಿಸುವದು ನಮ್ಮ ಕೆಲಸ.

ಹಸುವನ್ನು ಕಳಕೊಂಡ ಬಡವನು ಕೋಪಗೊಂಡರೆ ಪಾಪವೋ? ಅಲ್ಲವೆಂದು ಹೇಳುತ್ತೇನೆ. ಯಾಕಂದರೆ ಕರೆಯುವ ಹಸುವು ಅವನ ಮಕ್ಕಳಿಗೆ ಹಾಲು, ಹೊಲಕ್ಕೆ ಗೊಬ್ಬರ, ಕಷ್ಟಕಾಲಕ್ಕೆ ದುಡ್ಡು. ಪಟ್ಟಣದಲ್ಲಿ ಕೂತು ಹುಲಿಯ ಚಿತ್ರವನ್ನು ಮೆಚ್ಚುವವನು ಆ ನಷ್ಟವನ್ನು ಅರಿಯನು.

ಆದರೆ ಕೆಲವರು, ದಾವೀದನೂ ಕುರಿಗಳ ನಿಮಿತ್ತ ಸಿಂಹವನ್ನೂ ಕರಡಿಯನ್ನೂ ಕೊಂದನಲ್ಲವೇ ಎಂದು ಕೇಳುವರು. ಕೊಂದದ್ದು ನಿಜವೇ. ಅವನು ಕುರಿಮರಿಯನ್ನು ಬಿಡಿಸುವದಕ್ಕೆ ತನ್ನ ಪ್ರಾಣವನ್ನು ಒಡ್ಡಿದನು. ವಿಷವಾದರೋ ಸತ್ತ ಹಸುವನ್ನು ಬದುಕಿಸುವದಿಲ್ಲ. ಅದನ್ನು ಇಟ್ಟವನು ಮನೆಗೆ ಹೋಗಿ ಮಲಗುವನು. ದನವನ್ನು ಕೊಂದ ಹುಲಿ ಯಾವದು, ಏನೂ ಅರಿಯದ ಮರಿ ಯಾವದು, ನೆರೆಯವನ ನಾಯಿ ಯಾವದು ಎಂದು ವಿಷವು ನೋಡದು. ಗುಂಡಿಯನ್ನು ತೋಡಿ ಮುಚ್ಚದೆ ಬಿಟ್ಟವನು ಅದರಲ್ಲಿ ಬಿದ್ದು ಸತ್ತ ಎತ್ತಿಗೆ ಈಡು ಕೊಡಬೇಕೆಂದು ವಿಮೋಚನಕಾಂಡದ 21ನೆಯ ಅಧ್ಯಾಯದಲ್ಲಿ ವಿಧಿಯಿದೆ. ವಿಷವೂ ಮುಚ್ಚದ ಗುಂಡಿಯೇ. ಇದಲ್ಲದೆ, ಹಕ್ಕಿಯ ಗೂಡು ಸಿಕ್ಕಿದಾಗ ಮರಿಗಳ ಸಂಗಡ ತಾಯಿಯನ್ನೂ ಹಿಡಿಯಬಾರದೆಂದು ಧರ್ಮೋಪದೇಶಕಾಂಡದ 22ನೆಯ ಅಧ್ಯಾಯವು ಕಲಿಸುತ್ತದೆ. ಹಕ್ಕಿಯ ಸಂತತಿಯನ್ನು ಉಳಿಸಬೇಕೆಂದ ದೇವರು, ತಾಯಿಯೂ ಮರಿಗಳೂ ಒಟ್ಟಿಗೆ ಅಳಿದದ್ದನ್ನು ಲೆಕ್ಕಿಸದೆ ಇರುವನೋ?

1972ರ ಕಾಯಿದೆಯು ಹುಲಿಯನ್ನು ಕೊಲ್ಲುವದನ್ನು ನಿಷೇಧಿಸಿದೆ. ಆದರೆ ಕಾಯಿದೆಯ ಭಯ ಮಾತ್ರ ಉಳ್ಳವನು, ಯಾರೂ ನೋಡದ ಕಡೆಯಲ್ಲಿ ಆ ಭಯವನ್ನೂ ಬಿಡುವನು. ಕೋಪವನ್ನು ತಣಿಸುವದಕ್ಕೆ ನೆರೆಯವರ ಪ್ರೀತಿ ಬೇಕು. ಇಂಥಾ ನಷ್ಟವು ನಮ್ಮ ಸಭೆಯ ಒಬ್ಬನಿಗೆ ಬಂದರೆ, ಆ ಸಾಯಂಕಾಲ ಅವನ ಬಾಗಿಲಿಗೆ ಯಾರು ಹೋಗುವರು? ಕಾಡುಮೃಗಗಳಿಂದ ಸತ್ತ ದನಕ್ಕೆ ಸರಕಾರವು ಪರಿಹಾರ ಕೊಡುವದುಂಟು. ಆದರೆ ಓದುಬಾರದವನು ಒಬ್ಬನೇ ಅರ್ಜಿ ಹಿಡಿದು ಅಲೆಯುತ್ತಿದ್ದರೆ, ಹಣವು ಕೈಸೇರುವದಕ್ಕೆ ಮುಂಚೆ ಕೋಪವು ದ್ವೇಷವಾಗುವದು. ಆದದರಿಂದ ಓದುಬಲ್ಲವರು ಅರ್ಜಿಯನ್ನು ಬರೆದುಕೊಡಲಿ. ಸಭೆಯ ಹಿರಿಯನೊಬ್ಬನು ಅವನ ಸಂಗಡ ಅರಣ್ಯ ಕಚೇರಿಗೆ ಹೋಗಲಿ. ಹಸುವುಳ್ಳ ಮನೆಯವರು ಅವನ ಮಕ್ಕಳಿಗೆ ಒಂದು ಚೊಂಬು ಹಾಲು ಕೊಡಲಿ. ಸುಗ್ಗಿಯ ಕಾಣಿಕೆಯಲ್ಲಿ ಇಂಥವರಿಗೂ ಒಂದು ಪಾಲಿರಲಿ. ಇದೊಂದನ್ನೂ ಮಾಡದೆ ಅವನನ್ನು ಒಂಟಿಯಾಗಿ ಬಿಟ್ಟರೆ, ಅವನು ಮಾಡುವ ಪಾಪದಲ್ಲಿ ನಮಗೂ ಪಾಲುಂಟು.

ಹುಲಿಯೂ ಹಸುವೂ ಒಬ್ಬನೇ ದೇವರ ಕೈಕೆಲಸ. ನಷ್ಟವು ಬಂದಾಗ ಕೋಪವನ್ನು ಕಾಡಿಗೆ ಒಯ್ಯದೆ ಆತನ ಸನ್ನಿಧಿಗೆ ತರುವಂತೆಯೂ, ನೊಂದವನನ್ನು ಕೈಬಿಡದಂತೆಯೂ ಕರ್ತನು ನಮ್ಮೆಲ್ಲರಿಗೆ ಕೃಪೆಮಾಡಲಿ.