ತೋರಿಸುವವರ ಋಣ

ನಮ್ಮ ಕಾಸರಗೋಡಿನ ಊರುಗಳಲ್ಲಿ ನೇಮದ ರಾತ್ರಿ ಈಗ ಕ್ಯಾಮರಾ ಇಲ್ಲದೆ ಕಳೆಯುವುದು ಅಪರೂಪ. ಕೆಲವು ವರ್ಷಗಳ ಹಿಂದೆ ನೆರೆಯ ಸ್ಥಾನವೊಂದಕ್ಕೆ ಚಿತ್ರೀಕರಣಕ್ಕೆಂದು ಬಂದ ತಂಡವು ಮೊದಲು ಅಂಗಳದ ಪ್ಲಾಸ್ಟಿಕ್ ಕುರ್ಚಿಗಳನ್ನು ಸರಿಸಿತು. ಬಳಿಕ ಟ್ಯೂಬ್‌ಲೈಟ್ ಆರಿಸಿ ದೀವಟಿಗೆಗಳನ್ನು ಹೆಚ್ಚಿಸಲು ಕೇಳಿಕೊಂಡಿತು. ಭೂತ ಕಟ್ಟುವವರು ಮುಖಕ್ಕೆ ಬಣ್ಣ ಬರೆಸಿಕೊಳ್ಳುತ್ತ ಮೊಬೈಲಿನಲ್ಲಿ ಮಗಳೊಡನೆ ಮಾತನಾಡುತ್ತಿದ್ದರು. ಆ ದೃಶ್ಯ ತಂಡಕ್ಕೆ ಬೇಡವಾಗಿತ್ತು. ಚಿತ್ರ ಬಹಳ ಚೆನ್ನಾಗಿ ಬಂತು. ಅದರಲ್ಲಿ ಇಲ್ಲದ್ದೊಂದನ್ನು ಯಾರೂ ಸೇರಿಸಿರಲಿಲ್ಲ. ಆದರೂ ಅದನ್ನು ನೋಡಿದಾಗ ನಮ್ಮಿಂದ ಏನನ್ನೋ ಕಿತ್ತುಕೊಂಡಂತೆ ನಮಗೆ ಅನಿಸಿತು. ಆ ಕಿತ್ತುಕೊಂಡ ವಸ್ತು ಯಾವುದು? ಈ ಬರಹದ ಪ್ರಶ್ನೆ ಅಷ್ಟೆ.

ಪ್ರಶ್ನೆ ನಮಗೆ ಹೊಸತಾದರೂ ಚಲನಚಿತ್ರಕ್ಕೆ ಹಳೆಯದು. 1922ರಲ್ಲಿ ತೆರೆಕಂಡ ‘ನನೂಕ್ ಆಫ್ ದಿ ನಾರ್ತ್’ ಜನಾಂಗೀಯ ಚಿತ್ರಗಳ ಆದಿಪರ್ವವೆಂಬ ಗೌರವ ಪಡೆದಿದೆ. ರಾಬರ್ಟ್ ಫ್ಲಾಹರ್ಟಿ ಅವರು ಕೆನಡಾದ ಹಡ್ಸನ್ ಕೊಲ್ಲಿಯ ದಡದಲ್ಲಿ ಇನ್ಯುಟ್ ಜನರ ನಡುವೆ ಇದ್ದು ಅದನ್ನು ಚಿತ್ರೀಕರಿಸಿದರು. ಕಥಾನಾಯಕ ನನೂಕನ ನಿಜವಾದ ಹೆಸರು ಅಲ್ಲಕಾರಿಯಲ್ಲಕ್. ಆ ವೇಳೆಗೆ ಅಲ್ಲಿನ ಬೇಟೆಗಾರರ ಕೈಗೆ ಬಂದೂಕು ಬಂದಿತ್ತು. ಚಿತ್ರದಲ್ಲಿ ಅವರು ಈಟಿಯಿಂದಲೇ ಬೇಟೆಯಾಡುತ್ತಾರೆ. ಹಿಮದ ಮನೆಯೊಳಗೆ ಕ್ಯಾಮರಾಕ್ಕೆ ಬೆಳಕು ಸಾಲದೆಂದು ಅರ್ಧ ತೆರೆದಿಟ್ಟ ಮನೆಯನ್ನು ಕಟ್ಟಿಸಲಾಯಿತು. ಗ್ರಾಮೋಫೋನನ್ನು ಬಲ್ಲ ವ್ಯಕ್ತಿಯು ತೆರೆಯ ಮೇಲೆ ಅದನ್ನು ಕಂಡು ಬೆರಗಾಗಿ, ತಟ್ಟೆಯನ್ನು ಕಚ್ಚಿ ನೋಡುತ್ತಾನೆ. ಕಡಲಸಿಂಹದಂಥ ದೈತ್ಯ ವಾಲ್ರಸ್ಸಿನೊಡನೆ ಸೆಣಸುವಾಗ ಬೇಟೆಗಾರರು ಗುಂಡು ಹಾರಿಸೆಂದು ಕೂಗಿಕೊಂಡರೆಂದೂ, ತಾವು ಅರ್ಥವಾಗದವರಂತೆ ನಟಿಸಿ ಕ್ಯಾಮರಾ ತಿರುಗಿಸುತ್ತಲೇ ಇದ್ದೆವೆಂದೂ ಫ್ಲಾಹರ್ಟಿಯವರೇ ಬರೆದುಕೊಂಡಿದ್ದಾರೆ.

ಇಷ್ಟನ್ನು ಕೇಳಿ ‘ಮೋಸ’ ಎಂದು ತೀರ್ಪು ಕೊಡುವುದು ಸುಲಭ. ಆದರೆ ವಿಷಯ ಅಷ್ಟು ಸರಳವಲ್ಲ. ಫ್ಲಾಹರ್ಟಿಯವರು ತೆಗೆದ ಚಿತ್ರವನ್ನು ಅಲ್ಲಿಯೇ ಸಂಸ್ಕರಿಸಿ ಇನ್ಯುಟರಿಗೆ ತೋರಿಸಿದರು. ಅವರು ಸಂತೋಷದಿಂದ ಸಹಕರಿಸಿದರು, ಕ್ಯಾಮರಾದ ಕೆಲಸಕ್ಕೂ ಕೈಜೋಡಿಸಿದರು. ಆ ಜನರ ಘನತೆಯು ಕಣ್ಮರೆಯಾಗುವ ಮುನ್ನ ಅದನ್ನು ಹಿಡಿದಿಡಬೇಕೆಂಬ ನಿಜವಾದ ಪ್ರೀತಿ ಅವರಿಗಿತ್ತು. ತಪ್ಪು ಇದ್ದುದು ಆ ಪ್ರೀತಿಯ ಒಳಗೇ. ಅದು ಇನ್ಯುಟರ ಗತಕಾಲವನ್ನು ಪ್ರೀತಿಸಿತು. ಅವರ ವರ್ತಮಾನವನ್ನು ಒಪ್ಪಲಿಲ್ಲ. ಬಂದೂಕು ಹಿಡಿದ, ತುಪ್ಪಳದ ವ್ಯಾಪಾರಿಗಳೊಡನೆ ಚೌಕಾಸಿ ಮಾಡುತ್ತಿದ್ದ ಮನುಷ್ಯನು ನೋಡುವವರ ಸಮಕಾಲೀನ. ಈಟಿ ಹಿಡಿದವನು ಅವರ ಪಾಲಿಗೆ ಪುರಾತನ. ಅವನಿಂದ ಕಿತ್ತುಕೊಂಡದ್ದು ಅವನ ‘ಇಂದು’. ನಮ್ಮ ನೇಮದ ಅಂಗಳದಿಂದ ಕುರ್ಚಿಗಳೊಡನೆ ಹೊರಹೋದದ್ದೂ ಅದೇ.

ಈ ಅನ್ಯಾಯವನ್ನು ಅರಿತು ದಾರಿ ಹುಡುಕಿದವರೂ ಇದ್ದಾರೆ. ಫ್ರಾನ್ಸಿನ ಜಾನ್ ರೂಷ್ ಅವರು ಎಡ್ಗರ್ ಮೊರಿನ್ ಅವರೊಡನೆ 1961ರಲ್ಲಿ ತಂದ ಚಿತ್ರದಲ್ಲಿ, ಭಾಗವಹಿಸಿದವರಿಗೆ ಅವರದೇ ದೃಶ್ಯಗಳನ್ನು ತೋರಿಸಿ, ಅವರ ಮೆಚ್ಚುಗೆ ಆಕ್ಷೇಪಗಳೆರಡನ್ನೂ ಚಿತ್ರದೊಳಗೇ ಸೇರಿಸಿದರು. ಇಷ್ಟಾದರೂ, ಆಫ್ರಿಕದ ಬಗ್ಗೆ ರೂಷ್ ತೆಗೆದ ಚಿತ್ರಗಳ ಕುರಿತು ಸೆನೆಗಲ್ಲಿನ ಉಸ್ಮಾನ್ ಸೆಂಬೆನ್ ಅವರು 1965ರಲ್ಲಿ ಮುಖಾಮುಖಿಯಾಗಿಯೇ ದೂರಿದರು: ನೀವು ನಮ್ಮನ್ನು ಕೀಟಗಳನ್ನು ನೋಡುವಂತೆ ನೋಡುತ್ತೀರಿ ಎಂದು. ಒಳ್ಳೆಯ ಮನಸ್ಸೊಂದೇ ಸಾಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

1966ರಲ್ಲಿ ಅಮೆರಿಕದ ಸೋಲ್ ವರ್ತ್ ಮತ್ತು ಜಾನ್ ಅಡೇರ್ ಅವರು ಅರಿಜೋನಾದ ನವಾಹೊ ಜನರ ಕೈಗೇ ಕ್ಯಾಮರಾ ಕೊಡಲು ಹೊರಟರು. ಅನುಮತಿ ಕೇಳಿದಾಗ ಅಲ್ಲಿನ ಹಿರಿಯರೊಬ್ಬರು, ಚಿತ್ರ ತೆಗೆಯುವುದರಿಂದ ಕುರಿಗಳಿಗೆ ಕೇಡಾಗುವುದೇ ಎಂದು ವಿಚಾರಿಸಿದರು. ಇಲ್ಲವೆಂಬ ಉತ್ತರ ಬಂತು. ಹಾಗಾದರೆ ಕುರಿಗಳಿಗೆ ಒಳಿತಾಗುವುದೇ? ಅದೂ ಇಲ್ಲ. ಮತ್ತೇಕೆ ಚಿತ್ರ ತೆಗೆಯಬೇಕು ಎಂಬುದು ಅವರ ಕೊನೆಯ ಪ್ರಶ್ನೆಯಾಗಿತ್ತು. ಕೇಳಿದವರಿಗೆ ನಗು ಬರಬಹುದು. ಆದರೆ ಬದುಕು ಯಾವುದರ ಮೇಲೆ ನಿಂತಿದೆಯೋ ಅದಕ್ಕೆ ಈ ಚಿತ್ರದಿಂದ ಏನಾಗುತ್ತದೆ ಎಂದು ಕೇಳುವ ಹಕ್ಕನ್ನು ಆ ಹಿರಿಯರು ಬಿಟ್ಟುಕೊಡಲಿಲ್ಲ.

ಹಾಗಾದರೆ ಗತಕಾಲವನ್ನು ತೋರಿಸುವುದೇ ದೋಷವೆ? ಅಲ್ಲ. 2001ರಲ್ಲಿ ಇನ್ಯುಟ್ ನಿರ್ದೇಶಕ ಜಕಾರಿಯಾಸ್ ಕುನುಕ್ ಅವರು ‘ಅತನಾರ್ಜುವಾತ್’ ಎಂಬ ಚಿತ್ರವನ್ನು ತಮ್ಮ ಜನರ ಭಾಷೆಯಲ್ಲಿಯೇ ಮಾಡಿದರು. ಕಾನ್ ಉತ್ಸವದಲ್ಲಿ ಅದಕ್ಕೆ ‘ಕ್ಯಾಮೆರಾ ದೋರ್’ ಪ್ರಶಸ್ತಿ ಬಂತು. ಅದೂ ಪುರಾತನ ಕಾಲದ ಕಥೆಯೇ. ಅಲ್ಲೂ ತುಪ್ಪಳದ ಉಡುಪು, ಹಿಮದ ಮನೆ. ಆದರೆ ಚಿತ್ರ ಮುಗಿದು ಹೆಸರುಗಳು ಮೂಡುವಾಗ ತಂಡದವರು ಇಂದಿನ ಉಡುಪಿನಲ್ಲಿ, ಕ್ಯಾಮರಾ ಸಲಕರಣೆಗಳೊಡನೆ ಕಾಣಿಸಿಕೊಳ್ಳುತ್ತಾರೆ. ವೇಷ ನಮ್ಮದು, ವೇಷ ಕಳಚುವ ಸ್ವಾತಂತ್ರ್ಯವೂ ನಮ್ಮದು ಎಂದು ಅವರು ಸಾರುತ್ತಾರೆ. ಅಲ್ಲಕಾರಿಯಲ್ಲಕ್ ಅವರಿಗೆ ಆ ಕೊನೆಯ ದೃಶ್ಯ ದೊರೆಯಲಿಲ್ಲ. ನೇಮದಲ್ಲಿಯೂ ಅಣಿ ಇಳಿಸುವ ಹೊತ್ತೊಂದಿದೆ. ದೈವ ಬಿಟ್ಟುಹೋದ ಮೇಲೆ ಮನುಷ್ಯ ಉಳಿಯುತ್ತಾನೆ. ಆ ಹೊತ್ತಿಗೆ ಕ್ಯಾಮರಾ ಚೀಲ ಸೇರಿರುತ್ತದೆ.

ಇಲ್ಲಿಗೆ ನಿಲ್ಲಿಸಿದರೆ ನಾವು ದೂರುವವರಾಗಿ ಮಾತ್ರ ಉಳಿಯುತ್ತೇವೆ. ಗಡಿನಾಡಿನ ಕನ್ನಡಿಗರೆಂದರೆ 1956ರ ನೋವನ್ನೇ ನೆನೆದು ಕಣ್ಣೀರಿಡುವವರು ಎಂಬ ಒಂದೇ ಚಿತ್ರದಲ್ಲಿ ನಮ್ಮನ್ನು ಕಟ್ಟಿಹಾಕುವುದು ನಮಗೆ ಬೇಸರ ತರುತ್ತದೆ. ಆದರೆ ನಾವೂ ತೋರಿಸುವವರೇ. ನಮ್ಮ ಮೆರವಣಿಗೆಗಳಲ್ಲಿ ಮೈಗೆ ಮಸಿ ಬಳಿದು ಕೊರಗರ ವೇಷ ಹಾಕಿ ನಗಿಸಿದವರು ಹೊರಗಿನವರಲ್ಲ. ಕೊರಗರು ಅದನ್ನು ಅವಮಾನವೆಂದು ಹೇಳಿದ ಮೇಲೂ ‘ಇದು ಸಂಪ್ರದಾಯ’ ಎಂದು ಉತ್ತರಿಸಿದವರೂ ನಮ್ಮ ನಡುವಿನವರೇ. ಕೊರಗರನ್ನು ಹೀನವಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕದಲ್ಲಿ 2000ದಲ್ಲಿ ಕಾನೂನೇ ಬರಬೇಕಾಯಿತು. ಇಂದಿಗೂ ವೇದಿಕೆಗೆ ಅವರ ಡೋಲು ಬೇಕು. ಡೋಲು ಬಾರಿಸುವವರ ಮಗಳು ಕಾಲೇಜಿನಲ್ಲಿ ಓದುತ್ತಿರುವ ಸುದ್ದಿ ನಮಗೆ ಬೇಡ.

ಆದ್ದರಿಂದ ಈ ಸಮ್ಮೇಳನದ ಸಂದರ್ಭದಲ್ಲಿ ನಾವು ನಮಗೇ ವಿಧಿಸಿಕೊಳ್ಳಬೇಕಾದ ನಿಯಮ ಚಿಕ್ಕದು. ಯಾರ ಬದುಕನ್ನು ತೆರೆಗೆ, ವೇದಿಕೆಗೆ, ಪುಟಕ್ಕೆ ತರುತ್ತೇವೆಯೋ ಅವರು ಅದರ ಮೊದಲ ಪ್ರೇಕ್ಷಕರಾಗಲಿ. ‘ಬೇಡ’ ಎನ್ನುವ ಅಧಿಕಾರ ಅವರಿಗಿರಲಿ. ಅವರ ‘ಇಂದು’ ಚೌಕಟ್ಟಿನ ಒಳಗೇ ಇರಲಿ. ಇದರಿಂದ ಚಿತ್ರದ ಅಂದ ತುಸು ಕಡಿಮೆಯಾಗಬಹುದು. ಅಂಗಳದಲ್ಲಿ ನಾಲ್ಕು ಪ್ಲಾಸ್ಟಿಕ್ ಕುರ್ಚಿಗಳು ಕಾಣಬಹುದು. ಕಾಣಲಿ, ಅವುಗಳ ಮೇಲೆ ಕುಳಿತಿರುವವರು ನಾವೇ.