ಮನೆಯವರ ನೆಲ, ನಮ್ಮ ಚಪ್ಪಲಿ



ಇನ್ನೊಬ್ಬರ ಮನೆಗೆ ಹೋದಾಗ ಸಲಾಮ್ ಹೇಳಬೇಕು, ಒಪ್ಪಿಗೆ ಪಡೆದೇ ಒಳಗೆ ಹೋಗಬೇಕು ಎಂದು ನಾವೆಲ್ಲ ಮಕ್ಕಳಿಗೆ ಕಲಿಸುತ್ತೇವೆ. ಸೂರಃ ಅನ್ನೂರ್‌ನ 27ನೇ ವಚನದಲ್ಲಿ ಅಲ್ಲಾಹನು ಸತ್ಯವಿಶ್ವಾಸಿಗಳಿಗೆ ಇದನ್ನೇ ಆಜ್ಞಾಪಿಸಿದ್ದಾನೆ. ಮನೆಯವರು ಹಿಂದಿರುಗಲು ಹೇಳಿದರೆ ಬೇಸರಿಸದೆ ಹಿಂದಿರುಗಬೇಕೆಂದು ಮುಂದಿನ ವಚನದಲ್ಲಿದೆ. ಒಪ್ಪಿಗೆ ಸಿಕ್ಕಿತು ಎನ್ನಿ. ಹೊಸ್ತಿಲ ಬಳಿ ಕಾಲಲ್ಲಿರುವ ಚಪ್ಪಲಿಯನ್ನು ಏನು ಮಾಡಬೇಕು? ಇದೂ ಬರೆಯುವಂಥ ವಿಷಯವೇ ಎಂದು ನಿಮಗೆ ಅನಿಸಬಹುದು. ಅಜ್ಜಂಪುರದ ಕಡೆಯ ಒಂದು ಮನೆಗೆ ಹೋಗಿ ಬರುವ ತನಕ ನನಗೂ ಹಾಗೆಯೇ ಅನಿಸುತ್ತಿತ್ತು.

ಮದ್ರಸಕ್ಕೆ ಬರುತ್ತಿದ್ದ ಹುಡುಗನೊಬ್ಬ ಹದಿನೈದು ದಿನಗಳಿಂದ ಕಾಣಿಸಿರಲಿಲ್ಲ. ವಿಚಾರಿಸೋಣವೆಂದು ನಾನೂ ಜೊತೆಯ ಉಸ್ತಾದರೊಬ್ಬರೂ ಹೊರಟೆವು. ಈರುಳ್ಳಿ ಕೀಳುವ ಕಾಲ, ಜೊತೆಗೆ ಮಳೆ. ಕಡೂರಿನ ಕೆಂಪು ಮಣ್ಣು ಕಾಲು ಒದರಿದರೆ ಉದುರುತ್ತದೆ. ಅಜ್ಜಂಪುರದ ಎರೆಮಣ್ಣು ಹಾಗಲ್ಲ. ಒಮ್ಮೆ ಬೂಟಿಗೆ ಅಂಟಿತೆಂದರೆ ಒಂದೊಂದು ಹೆಜ್ಜೆಗೂ ಭಾರ ಕೂಡುತ್ತ ಹೋಗುತ್ತದೆ. ಒಂದೇ ಕೋಣೆಯ ಮನೆ. ಹುಡುಗನ ದಾದಿ ಬಾಗಿಲಿಗೆ ಬಂದರು. ನಾನು ಬಗ್ಗಿ ಲೇಸಿಗೆ ಕೈ ಹಾಕುವಷ್ಟರಲ್ಲಿ, "ಪರವಾಗಿಲ್ಲ ಹಜರತ್, ಹಾಗೇ ಬನ್ನಿ" ಎಂದರು. ನನಗೆ ಅಷ್ಟೇ ಬೇಕಿತ್ತು. ಬೂಟಿನಲ್ಲೇ ಒಳಗೆ ಹೋದೆ. ಹುಡುಗನಿಗೆ ಜ್ವರ, ವಾಸಿಯಾದ ಮೇಲೆ ಕಳಿಸುತ್ತೇವೆ ಎಂದರು. ನಿಂತೇ ಮಾತಾಡಿ, ದುಆ ಮಾಡಿ ಹೊರಟೆವು. ದಾರಿಯಲ್ಲಿ ಕೊಡೆ ಮರೆತದ್ದು ನೆನಪಾಗಿ ಒಬ್ಬನೇ ಹಿಂದಿರುಗಿದೆ. ಬಾಗಿಲು ತೆರೆದೇ ಇತ್ತು. ಆ ವೃದ್ಧೆ ನೆಲಕ್ಕೆ ಕುಳಿತು ಒದ್ದೆ ಬಟ್ಟೆಯಿಂದ ನನ್ನ ಹೆಜ್ಜೆಗಳನ್ನು ಒಂದೊಂದಾಗಿ ಒರೆಸುತ್ತಿದ್ದರು. ಮಡಚಿದ ಜಾನಮಾಝ್ ಪಕ್ಕದಲ್ಲಿತ್ತು. ಅಸರ್ ಹೊತ್ತಾಗಿತ್ತು. ನನ್ನನ್ನು ನೋಡಿ ನಕ್ಕು, ಬಟ್ಟೆಯನ್ನು ಸೆರಗಿನ ಮರೆಗೆ ಸರಿಸಿದರು.

ಶರೀಅತ್‌ನ ಮಾತು ಮೊದಲು ಸ್ಪಷ್ಟವಾಗಲಿ. ಪಾದರಕ್ಷೆ ತನ್ನಷ್ಟಕ್ಕೆ ಅಶುದ್ಧ ವಸ್ತುವಲ್ಲ. ಪ್ರವಾದಿವರ್ಯರು(ಸ) ಪಾದರಕ್ಷೆ ಧರಿಸಿಯೇ ನಮಾಝ್ ಮಾಡಿದ್ದುಂಟು ಎಂದು ಹ. ಅನಸ್(ರ) ತಿಳಿಸಿದ್ದು ಬುಖಾರಿಯಲ್ಲಿದೆ. ಒಮ್ಮೆ ನಮಾಝಿನ ನಡುವೆಯೇ ಅವರು(ಸ) ಪಾದರಕ್ಷೆ ಕಳಚಿಟ್ಟರು. ಹಿಂದಿದ್ದ ಸಹಾಬಿಗಳೂ ಕಳಚಿದರು. ತಮ್ಮ ಪಾದರಕ್ಷೆಯಲ್ಲಿ ಹೊಲಸಿದೆಯೆಂದು ಜಿಬ್ರೀಲ್(ಅ) ತಿಳಿಸಿದ್ದರಿಂದ ಹಾಗೆ ಮಾಡಿದೆನೆಂದು ನಮಾಝಿನ ನಂತರ ಅವರು(ಸ) ವಿವರಿಸಿದರು. ಮಸೀದಿಗೆ ಬರುವವರು ಪಾದರಕ್ಷೆಯನ್ನು ನೋಡಿಕೊಳ್ಳಬೇಕು, ಹೊಲಸಿದ್ದರೆ ಒರೆಸಿಕೊಳ್ಳಬೇಕು ಎಂದೂ ಹೇಳಿದರು. ಇದು ಅಬೂದಾವೂದ್‌ನಲ್ಲಿದೆ. ಆಗಿನ ಮಸೀದಿಯ ನೆಲದಲ್ಲಿ ಕಂಬಳಿಯಾಗಲಿ ಗ್ರಾನೈಟ್ ಆಗಲಿ ಇರಲಿಲ್ಲ ಎಂಬುದನ್ನೂ ನೆನಪಿಡಬೇಕು. ತುವಾ ಕಣಿವೆಯಲ್ಲಿ ಪಾದರಕ್ಷೆ ಕಳಚಲು ಹ. ಮೂಸಾ(ಅ)ರಿಗೆ ಅಲ್ಲಾಹನ ಅಪ್ಪಣೆಯಾದದ್ದು ಆ ಸ್ಥಳದ ಪಾವಿತ್ರ್ಯದಿಂದ. ಹೀಗಿರುವಾಗ ಮನೆಯೊಳಗೆ ಚಪ್ಪಲಿ ಹಾಕುವುದೇ ಹರಾಮ್ ಎಂದು ಕೆಲವರು ವಾದಿಸುವುದು ಅತಿಯಾಯಿತು.

ಹಾಗಾದರೆ ನಾನು ಮಾಡಿದ ತಪ್ಪೇನು? ಆ ನೆಲ ನನ್ನದಾಗಿರಲಿಲ್ಲ. ಒಬ್ಬನ ಮನೆಯಲ್ಲಿ ಅವನ ಒಪ್ಪಿಗೆಯಿಲ್ಲದೆ ಇಮಾಮನಾಗಿ ನಿಲ್ಲಬಾರದು, ಅವನ ಆಸನದಲ್ಲಿ ಕೂರಲೂಬಾರದು ಎಂದು ಮುಸ್ಲಿಮ್‌ನ ಹದೀಸ್‌ನಲ್ಲಿದೆ. ಗುಡಿಸಲಾದರೂ ಸರಿ, ಅಲ್ಲಿ ಒಡೆತನ ಆ ಮನೆಯವರದೇ. ದೃಷ್ಟಿ ಮಂದವಾಗಿದ್ದ ಹ. ಇತ್ಬಾನ್ ಬಿನ್ ಮಾಲಿಕ್(ರ) ತಮ್ಮ ಮನೆಯಲ್ಲಿ ಬಂದು ನಮಾಝ್ ಮಾಡಬೇಕೆಂದು ಪ್ರವಾದಿವರ್ಯರನ್ನು(ಸ) ಕೋರಿಕೊಂಡಾಗ, ಅವರು(ಸ) ಮನೆಗೆ ಬಂದು, ಕುಳಿತುಕೊಳ್ಳುವ ಮೊದಲೇ, ಎಲ್ಲಿ ನಮಾಝ್ ಮಾಡುವುದು ನಿನಗೆ ಇಷ್ಟ ಎಂದು ಕೇಳಿದರು. ಇತ್ಬಾನ್(ರ) ಒಂದು ಮೂಲೆಯನ್ನು ತೋರಿಸಿದರು. ಅಲ್ಲಾಹನ ರಸೂಲರೇ(ಸ) ಮನೆಯ ಮೂಲೆಯೊಂದಕ್ಕೆ ಮನೆಯವನನ್ನು ಕೇಳಿದರು!

ನಮ್ಮ ಮನೆಗಳ ನೆಲವೆಂದರೆ ಏನೆಂದು ಯೋಚಿಸಿ. ಊಟಕ್ಕೆ ದಸ್ತರಖಾನ್ ಹಾಸುವುದು ಅಲ್ಲಿಯೇ, ಮಗು ಅಂಬೆಗಾಲಿಡುವುದು ಅಲ್ಲಿಯೇ, ಹೆಂಗಸರು ಐದು ಹೊತ್ತು ಹಣೆಯಿಡುವುದೂ ಅಲ್ಲಿಯೇ. ತರೀಕೆರೆಯ ಹಳೆಯ ಮನೆಗಳ ಜಗಲಿಯಲ್ಲಿ ಬಂದವರ ಕಾಲಿಗೆ ಒಂದು ಚೊಂಬು ನೀರು ಕೊಡುತ್ತಿದ್ದರು. ಲಿಂಗಾಯತರ ಮನೆಯೋ ಸಾಬರ ಮನೆಯೋ ಎಂಬ ಭೇದ ಅದರಲ್ಲಿರಲಿಲ್ಲ. ಒಂದು ನಾಡಿನ ಒಳ್ಳೆಯ ರೂಢಿಗೆ ಫಿಕ್ಹ್‌ನಲ್ಲೂ ಬೆಲೆಯುಂಟು. ನೆರೆಯ ಹಿಂದೂ ಮನೆಗೆ ಹೋದಾಗಲೂ ಅವರ ಹೊಸ್ತಿಲಿಗೆ ಅದೇ ಗೌರವ ಸಲ್ಲಬೇಕು.

"ಆದರೆ ಅವರೇ ಪರವಾಗಿಲ್ಲ ಎಂದರಲ್ಲ?" ಎಂದು ನೀವು ಕೇಳಬಹುದು. ಆ ದಿನ ನನ್ನ ಮನಸ್ಸೂ ಇದೇ ನೆಪ ಹೇಳಿತ್ತು. ಸೂರಃ ಅಲ್ ಅಹ್‌ಝಾಬ್‌ನ 53ನೇ ವಚನವನ್ನು ಗಮನವಿಟ್ಟು ಓದಿರಿ. ಊಟ ಮುಗಿದ ಮೇಲೂ ಮಾತಿಗೆ ಕುಳಿತ ಅತಿಥಿಗಳಿಂದ ಪ್ರವಾದಿವರ್ಯರಿಗೆ(ಸ) ತೊಂದರೆಯಾಗುತ್ತಿತ್ತು. ಎದ್ದುಹೋಗಿ ಎನ್ನಲು ಅವರಿಗೆ(ಸ) ಸಂಕೋಚ. ಸತ್ಯವನ್ನು ಹೇಳಲು ಅಲ್ಲಾಹನಿಗೆ ಸಂಕೋಚವಿಲ್ಲ. ಅತಿಥೇಯನ ಬಾಯಿಗೆ ಬಾರದ ಮಾತನ್ನು ಅಲ್ಲಾಹನೇ ಅವರ(ಸ) ಪರವಾಗಿ ಹೇಳಿದನು. ಮನೆಯವರ ಎಷ್ಟೋ "ಪರವಾಗಿಲ್ಲ"ಗಳ ಹಿಂದೆ ಇಂಥ ಸಂಕೋಚವಿರುತ್ತದೆ. ಬಡವರು ಉಸ್ತಾದರಿಗೆ, ಸಾಹುಕಾರರಿಗೆ, ಅಧಿಕಾರಿಗಳಿಗೆ ಹೇಳುವ "ಪರವಾಗಿಲ್ಲ" ಬಹುಪಾಲು ಅದೇ. ಅದನ್ನು ಒಪ್ಪಿಗೆಯೆಂದು ತಿಳಿಯುವುದು ನಮಗೆ ಅನುಕೂಲ, ಅಷ್ಟೆ.

ಅದೇ ಬಡವ ದೊಡ್ಡವರ ಮನೆಗೆ ಹೋದರೆ ಚಪ್ಪಲಿ ಗೇಟಿನ ಹೊರಗೇ ಉಳಿಯುತ್ತದೆ. ಚಪ್ಪಲಿಯ ಮೂಲಕ ಮನುಷ್ಯರ ಅಂತಸ್ತು ಅಳೆದದ್ದು ಹಳೆಯ ಕಥೆ. ಯುರೋಪಿನ ಮಾದರಿಯ ಬೂಟು ತೊಟ್ಟ ಭಾರತೀಯರು ಅದರೊಡನೆ ದರ್ಬಾರಿಗೆ ಬರಬಹುದೆಂದು 1854ರಲ್ಲಿ ಬ್ರಿಟಿಷ್ ಸರಕಾರ ಆಜ್ಞೆ ಹೊರಡಿಸಿತು. ದೇಶೀ ಜೋಡು ತೊಟ್ಟವರು ಮಾತ್ರ ಕಳಚಬೇಕಾಗಿತ್ತು. ನಮ್ಮ ಹಳ್ಳಿಗಳಲ್ಲೇ ದಲಿತರು ಮೇಲ್ಜಾತಿಯವರ ಕೇರಿಯಲ್ಲಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಡೆಯಬೇಕಾಗಿತ್ತು. ಅಡಿಕೆ ಸುಲಿದು ಚೊಗರಾದ ಕಾಲಿನ ಕೂಲಿಯವನನ್ನು ಹೊರಗೇ ನಿಲ್ಲಿಸಿ, ಹೊಳೆಯುವ ಬೂಟಿನವರನ್ನು ಹಾಗೆಯೇ ಸೋಫಾಕ್ಕೆ ಕರೆದೊಯ್ಯುವ ಮನೆಯಲ್ಲಿ ಶುಚಿತ್ವದ ಮಾತಾಡುವುದು ಬೇಡ. ನಿಯಮವಿದ್ದರೆ ಎಲ್ಲರಿಗೂ ಇರಲಿ.

ಮನೆಯವರಿಗೂ ಎರಡು ಮಾತು ಹೇಳಬೇಕು. ಸಕ್ಕರೆ ಕಾಯಿಲೆಯವರು ಮನೆಯೊಳಗೂ ಬರಿಗಾಲಲ್ಲಿ ನಡೆಯಬಾರದೆಂದು ವೈದ್ಯರು ಹೇಳುತ್ತಾರೆ, ಕಾಲಿನ ಸಣ್ಣ ಗಾಯ ಅವರಿಗೆ ಗೊತ್ತೇ ಆಗದೆ ಹುಣ್ಣಾಗುತ್ತದೆ. ಅಂಥವರಿಗೆ ಒಂದು ಜೊತೆ ಶುಚಿಯಾದ ಚಪ್ಪಲಿಯನ್ನು ಬಾಗಿಲ ಬಳಿ ಇಡಿರಿ. ಮಂಡಿ ನೋವಿನವರಿಗೆ ಒಂದು ಕುರ್ಚಿ ಹಾಕಿ. ಬಂದವರ ಕಾಲುಚೀಲ ಹರಿದಿದ್ದರೆ ನೋಡಿಯೂ ನೋಡದಂತಿರಿ.

ಕಳಚಿದ ಚಪ್ಪಲಿಯನ್ನು ಎಲ್ಲಿಡುವುದು ಎಂಬುದೂ ಸಣ್ಣ ಮಾತಲ್ಲ. ನಮಾಝಿಗಾಗಿ ಕಳಚಿದ ಪಾದರಕ್ಷೆಯಿಂದ ಇನ್ನೊಬ್ಬರಿಗೆ ತೊಂದರೆಯಾಗಬಾರದೆಂದು ಅಬೂದಾವೂದ್‌ನಲ್ಲಿ ಬಂದಿದೆ. ನಮ್ಮ ಸಾವಿನ ಮನೆಗಳನ್ನು ನೋಡಿ. ಜನಾಝಾ ಹೊತ್ತವರು ಹೊಸ್ತಿಲು ದಾಟುವಾಗ ಚಪ್ಪಲಿಗಳ ರಾಶಿಯಲ್ಲಿ ಎಡವುತ್ತಾರೆ. ಬಾಗಿಲಿನಿಂದ ನಾಲ್ಕು ಹೆಜ್ಜೆ ಆಚೆ, ಗೋಡೆಯ ಪಕ್ಕ ಜೋಡಿಸಿಡಲು ಎಷ್ಟು ಹೊತ್ತು ಬೇಕು? ಕಳಚುವಾಗ ಎಡಗಾಲು ಮೊದಲು, ಮೆಟ್ಟುವಾಗ ಬಲಗಾಲು ಮೊದಲು ಎಂಬ ಸುನ್ನತ್ ನಿಮಗೆ ತಿಳಿದದ್ದೇ.

ಮುಂದಿನ ವಾರ ನಾನು ಒಬ್ಬನೇ ಆ ಮನೆಗೆ ಮತ್ತೆ ಹೋದೆ, ಲೇಸಿಲ್ಲದ ಚಪ್ಪಲಿ ಮೆಟ್ಟಿಕೊಂಡು. ದಾದಿ ಮತ್ತದೇ "ಪರವಾಗಿಲ್ಲ" ಎಂದರು. ಅಷ್ಟರಲ್ಲಿ ನಾನು ಚಪ್ಪಲಿಯನ್ನು ಗೋಡೆಯ ಪಕ್ಕಕ್ಕಿಟ್ಟು, ಬಕೆಟ್‌ನ ನೀರಿನಿಂದ ಕಾಲು ತೊಳೆದುಕೊಂಡಿದ್ದೆ. ಚಾಪೆ ಹಾಸಿದರು, ಚಹಾ ಕೊಟ್ಟರು. ಚಾಪೆಯ ಮೇಲೆ ಕುಳಿತು ಅರ್ಧ ಗಂಟೆಯಾದ ಮೇಲೆ, ಹುಡುಗನಿಗೆ ಜ್ವರ ಬಂದೇ ಇರಲಿಲ್ಲ ಎಂದು ಮೆಲ್ಲಗೆ ಹೇಳಿದರು. ತಂದೆ ಹಾಸಿಗೆ ಹಿಡಿದಿದ್ದರಿಂದ ಅವನು ಈರುಳ್ಳಿ ಆರಿಸುವ ಕೂಲಿಗೆ ಹೋಗುತ್ತಿದ್ದನಂತೆ. "ಮೊನ್ನೆಯೇ ಹೇಳಬೇಕೆಂದಿದ್ದೆ ಹಜರತ್, ನೀವು ನಿಂತೇ ಇದ್ದಿರಿ" ಎಂದರು.