ಒಂದು ಹಳ್ಳ, ಮೂರು ಗೆರೆ

ಕೃಷ್ಣೆ ಮತ್ತು ಭೀಮೆಯ ನಡುವಿನ ಶಹಾಪುರ, ಸುರಪುರ ಸೀಮೆಯ ಹಳ್ಳಗಳನ್ನು ಕಂಪ್ಯೂಟರಿನಲ್ಲಿ ನಕ್ಷೆಗಿಳಿಸಲು ಕೂತರೆ ಒಂದೇ ಹಳ್ಳಕ್ಕೆ ಮೂರು ಗೆರೆ ಸಿಗುತ್ತವೆ. ಒಂದು, ಸರ್ವೆ ಆಫ್ ಇಂಡಿಯಾದ ಟೋಪೋಶೀಟಿನದು. ಇನ್ನೊಂದು, 2000ದ ಫೆಬ್ರುವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆ ರೇಡಾರಿನಿಂದ ಅಳೆದ ನೆಲದ ಎತ್ತರದಿಂದ ಲೆಕ್ಕ ಹಾಕಿ ತೆಗೆದದ್ದು. ಮೂರನೆಯದು ಕಂದಾಯ ಇಲಾಖೆಯ ಗ್ರಾಮನಕ್ಷೆಯದು. ಮೂರೂ ಒಂದರ ಮೇಲೊಂದು ಕೂರುವುದಿಲ್ಲ. ಇಂತಿಷ್ಟು ಮೀಟರಿನೊಳಗಿನ ಗೆರೆಗಳನ್ನು ಒಂದು ಮಾಡು ಎಂದರೆ ತಂತ್ರಾಂಶ ಮಾಡಿಕೊಡುತ್ತದೆ, ಪರದೆ ಚೊಕ್ಕಟವಾಗುತ್ತದೆ. ನನ್ನ ತಕರಾರು ಈ ಚೊಕ್ಕಟದ ಮೇಲೆಯೇ. ಕಳ್ಳ ಊರ ಮೂಡಣಕ್ಕೆ ಓಡಿದ ಎಂದು ಒಬ್ಬ ಸಾಕ್ಷಿ, ಪಡುವಣಕ್ಕೆ ಎಂದು ಇನ್ನೊಬ್ಬ ಹೇಳಿದರೆ, ಅವನು ಊರ ನಡುವೆಯೇ ನಿಂತಿದ್ದ ಎಂದು ಯಾವ ನ್ಯಾಯಾಧೀಶರೂ ಬರೆಯುವುದಿಲ್ಲ.

ಗೆರೆಗಳು ಯಾಕೆ ಬೇರಾದವು ಎಂದು ಮೊದಲು ಕೇಳಬೇಕು. ಕೆಲವು ವ್ಯತ್ಯಾಸಗಳು ಬರೀ ಅಳತೆಗೋಲಿನವು. ಹಳೆಯ ಟೋಪೋಶೀಟುಗಳು 1830ರ ಎವರೆಸ್ಟ್ ಲೆಕ್ಕದ ಭೂಗೋಳವನ್ನು ನೆಚ್ಚಿವೆ, ಉಪಗ್ರಹ ಮತ್ತು ನೌಕೆಯ ಅಳತೆಗಳದು ಡಬ್ಲ್ಯುಜಿಎಸ್ 84 ಎಂಬ ಇನ್ನೊಂದು ಲೆಕ್ಕ. ಇವೆರಡರ ನಡುವೆ ನಮ್ಮ ಕಡೆ ನೂರು ಮೀಟರಿಗೂ ಹೆಚ್ಚು ವ್ಯತ್ಯಾಸವಿದೆ, ಆದರೆ ತಾಲ್ಲೂಕಿನ ತುಂಬ ಅದು ಹೆಚ್ಚುಕಡಿಮೆ ಒಂದೇ ದಿಕ್ಕಿಗೆ, ಒಂದೇ ಅಳತೆಗೆ ಇರುತ್ತದೆ. ಇದು ತಪ್ಪು, ತಿದ್ದಿದರೆ ಮುಗಿಯಿತು.

ತಿದ್ದಿದ ಮೇಲೂ ಉಳಿಯುವ ವ್ಯತ್ಯಾಸವೇ ವಿಚಾರಕ್ಕೆ ಯೋಗ್ಯವಾದದ್ದು. ಶಹಾಪುರದ ಬಂಡೆಗುಡ್ಡಗಳ ಸಂದಿನಲ್ಲಿ ನೀರಿಗೆ ಬೇರೆ ದಾರಿಯಿಲ್ಲ, ಅಲ್ಲಿ ಗೆರೆಗಳು ಬಹುಮಟ್ಟಿಗೆ ಒಪ್ಪುತ್ತವೆ. ಎರೆಭೂಮಿಯ ಬಯಲಿಗೆ ಇಳಿದರೆ ಚದುರುತ್ತವೆ. ಇಳಿಜಾರು ಅಷ್ಟು ಕಡಿಮೆಯಾದ ಕಡೆ ರೇಡಾರಿನ ಕೆಲವು ಮೀಟರುಗಳ ತಪ್ಪೇ ಹಳ್ಳದ ದಾರಿಯನ್ನು ನಿರ್ಧರಿಸಿಬಿಡುತ್ತದೆ. ಇದರ ಮೇಲೆ ಕಾಲುವೆ ಬೇರೆ. 1982ರಲ್ಲಿ ಪೂರ್ಣಗೊಂಡ ನಾರಾಯಣಪುರದ ಬಸವಸಾಗರದಿಂದ ಹೊರಡುವ ಎಡದಂಡೆ ಕಾಲುವೆ ಮತ್ತು ಅದರ ಶಾಖೆಗಳು ಹಳ್ಳಗಳನ್ನು ಅಡ್ಡ ಹಾಯುತ್ತವೆ. ರೇಡಾರಿಗೆ ಕಾಲುವೆಯ ಏರಿ ಕಾಣುತ್ತದೆ, ಅದರ ಕೆಳಗೆ ನೀರು ದಾಟುವ ಮೋರಿ ಕಾಣುವುದಿಲ್ಲ. ಹಾಗಾಗಿ ತಂತ್ರಾಂಶದ ಹಳ್ಳ ಏರಿಗೆ ತಾಗಿ ತಿರುಗಿ ಅದರ ಗುಂಟ ಹೋಗುತ್ತದೆ, ನಿಜವಾದ ಹಳ್ಳ ಮೋರಿಯಲ್ಲಿ ನುಸುಳಿ ಮುಂದೆ ಸಾಗಿರುತ್ತದೆ. ಇದನ್ನು ಸರಿಮಾಡಲು ಒಂದು ಕ್ರಮವಿದೆ: ಟೋಪೋಶೀಟಿನ ಗೆರೆಯ ಗುಂಟ ಎತ್ತರದ ಅಂಕಿಗಳನ್ನೇ ತಗ್ಗಿಸಿ, ನೀರು ಅಲ್ಲೇ ಹರಿಯುವಂತೆ ಮಾಡುವುದು. ಉಪಯುಕ್ತ ಕ್ರಮವೇ. ಆದರೆ ಆಮೇಲೆ ಎರಡೂ ಗೆರೆ ಒಪ್ಪಿದವು ಎಂದು ಹಿಗ್ಗುವಂತಿಲ್ಲ. ಒಂದು ಸಾಕ್ಷಿಯ ಬಾಯಿಗೆ ಇನ್ನೊಂದರ ಮಾತನ್ನು ನಾವೇ ತುಂಬಿದ್ದೇವೆ.

ಹಾಗಾದರೆ ಎಲ್ಲ ಗೆರೆಯೂ ತನ್ನ ಮಟ್ಟಿಗೆ ಸರಿ ಎನ್ನೋಣವೇ? ಜೈನರ ಅನೇಕಾಂತವಾದವನ್ನು ಹಲವರು ಹೀಗೆ ಸಡಿಲವಾಗಿ ಓದುತ್ತಾರೆ. ಅದು ಕೇಳುವುದು ಬೇರೆಯದನ್ನು, ಬಹಳ ಕಟ್ಟುನಿಟ್ಟಾದದ್ದನ್ನು: ಯಾವ ನಿಲುವಿನಿಂದ, ಯಾವ ಕಾಲದಲ್ಲಿ ಈ ಮಾತು ನಿಜ ಎಂದು ಹೇಳು. ನಕ್ಷೆಗೂ ಇದೇ ಸಲ್ಲಬೇಕು. ಕಾಲುವೆಗೆ ಮುಂಚೆ ಬೇಸಿಗೆಯಲ್ಲಿ ಒಣಗುತ್ತಿದ್ದ ಹಳ್ಳದಲ್ಲಿ ಈಗ ಗದ್ದೆಗಳ ಬಸಿನೀರು ಹರಿಯುತ್ತಿರಬಹುದು. ಒಣಹಳ್ಳವೆಂದ ಹಳೆಯ ಹಾಳೆಯೂ ನೀರಿದೆಯೆಂದ ಹೊಸ ಉಪಗ್ರಹ ಚಿತ್ರವೂ ಸುಳ್ಳಾಡಿಲ್ಲ. ಎರಡನ್ನೂ ಕಲಸಿ ತೆಗೆದ ಗೆರೆ ಮಾತ್ರ ಯಾವ ವರ್ಷದ್ದೂ ಅಲ್ಲ, ಯಾರು ಕಂಡದ್ದೂ ಅಲ್ಲ.

ಇದು ತಾಂತ್ರಿಕರ ಒಳಜಗಳವೆಂದು ಬಿಡುವ ಹಾಗಿಲ್ಲ. ಪಹಣಿಯಲ್ಲಿ ಹಳ್ಳದ ಜಾಗ ‘ಬ’ ಖರಾಬು, ಅಂದರೆ ಸಾರ್ವಜನಿಕರದ್ದು. ಗೆರೆ ನೂರು ಮೀಟರ್ ಸರಿದರೆ ಒಬ್ಬ ರೈತನ ತೊಗರಿ ಹೊಲ ಹಳ್ಳವಾಗುತ್ತದೆ, ಒತ್ತುವರಿ ಮಾಡಿದವನ ಗದ್ದೆ ಪಾರಾಗುತ್ತದೆ. ಚೆಕ್‌ಡ್ಯಾಂ ನೀರಿಲ್ಲದ ಕಡೆ ಏಳುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ಉತ್ತು ಮುಚ್ಚಿದ ಸಣ್ಣ ಹಳ್ಳಗಳ ಪ್ರಶ್ನೆ. ಗ್ರಾಮನಕ್ಷೆಯಲ್ಲಿ ಗೆರೆಯಿದೆ, ನೆಲ ಸಮತಟ್ಟಾಗಿ ಭತ್ತ ನಿಂತಿದೆ, ಉಪಗ್ರಹಕ್ಕೆ ಏನೂ ಕಾಣುವುದಿಲ್ಲ. ಉಳಿದ ಎರಡು ಮೂಲಗಳು ಇಲ್ಲವೆಂದರೆ ಅಳಿಸುವುದು ವಾಡಿಕೆ. ಅಳಿಸಬಾರದು ಎಂಬುದು ನನ್ನ ವಾದ. ಮೇಲಿನ ಇಳಿಜಾರು ಹಾಗೇ ಇದೆ. ಜೋರು ಮಳೆ ಬಂದ ದಿನ ನೀರು ಅಲ್ಲಿಂದ ಈ ಬದುಗಳ ಮೇಲೆಯೇ ನುಗ್ಗುತ್ತದೆ. ಆದ್ದರಿಂದ ಕೂಡಿಸಿದ ಪದರದಲ್ಲೂ ಆ ಗೆರೆ ಇರಲಿ, ಅದರ ಮುಂದಿನ ಅಂಕಣಗಳಲ್ಲಿ ಯಾವ ನಕ್ಷೆಯದು, ಯಾವ ವರ್ಷದ್ದು, ಈಗ ಅದರ ಮೇಲೆ ಏನಿದೆ ಎಂದು ಬರೆದಿರಲಿ.